ಅಪ್ಪಯ್ಯನ ಕತ್ತು, ಬಫಲೋದ ಹಾಕಿ

ಬಫಲೋ
20 ಏಪ್ರಿಲ್ 2025

ತೀರ್ಥರೂಪು ಅಪ್ಪಯ್ಯನವರಿಗೆ ಮಾಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೆ, ಅಷ್ಟರಲ್ಲಿ ಅಮ್ಮನ ಕಾಗದ ಬಂತು.

ಪುಟ್ಟಿ ಅದರ ಫೋಟೋ ತೆಗೆದು ಕಳಿಸಿದ್ದಳು. ಕೆಳಗೆ ನಿಮ್ಮದು ಎರಡೇ ಸಾಲು: ಕತ್ತು ಸ್ವಲ್ಪ ಹಿಡಿದುಕೊಂಡಿದೆ, ನೀನು ಆ ಐಸ್ ಆಟಕ್ಕೆ ದುಡ್ಡು ಸುರಿಯುವುದು ಬಿಟ್ಟಿಲ್ಲವಂತೆ. ಅಮ್ಮ ಬರೆದದ್ದೇ ಬೇರೆ. ಬಲಗೈ ಜೋಮು ಹಿಡಿಯುತ್ತದೆ, ಕಾಫಿ ಲೋಟ ಕೈಜಾರಿ ಬಿತ್ತು, ಅಂಗಿಯ ಗುಂಡಿ ಹಾಕಲು ಅವಳೇ ಬರಬೇಕು. ಇದಕ್ಕೆ ‘ಸ್ವಲ್ಪ ಹಿಡಿದುಕೊಂಡಿದೆ’ ಅನ್ನುತ್ತಾರೆಯೇ ಅಪ್ಪಯ್ಯ? ಫೋನಿನಲ್ಲಿ ಕೇಳಿದರೆ ನೀವು ‘ಆತು, ಇಡ್ತೆ’ ಎಂದು ಇಟ್ಟೇಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಪುಟ್ಟಿ ಜೋರಾಗಿ ಓದಲಿ. ನಡುವೆ ಎದ್ದು ತೋಟಕ್ಕೆ ನೀರು ಬಿಡಲು ಹೋಗಬೇಡಿ.

ಮೊದಲು ದುಡ್ಡಿನ ಆರೋಪ ಮುಗಿಸಿಬಿಡುತ್ತೇನೆ. ಇಲ್ಲಿಯ ಐಸ್ ಹಾಕಿ ತಂಡ ಬಫಲೋ ಸೇಬರ್ಸ್ ಎಷ್ಟು ಸೋಲುತ್ತದೆಂದರೆ ವಾರದ ನಡುವಿನ ಪಂದ್ಯಗಳಿಗೆ ಟಿಕೆಟನ್ನು ಜನ ಸಿಕ್ಕಷ್ಟಕ್ಕೆ ಮಾರಿಬಿಡುತ್ತಾರೆ. ನಾನು ಕೊಳ್ಳುವುದು ಅಂಥದ್ದನ್ನೇ. ಗೆಲ್ಲುವ ತಂಡದ ಊರಿನಲ್ಲಿದ್ದಿದ್ದರೆ ನೀವು ಹೇಳಿದ್ದು ಸರಿ ಆಗುತ್ತಿತ್ತು. ಇಲ್ಲಿ ಚಳಿಗಾಲ ಆರು ತಿಂಗಳು. ಈರಿ ಸರೋವರದ ಮೇಲಿಂದ ಗಾಳಿ ಎದ್ದರೆ ಒಂದೇ ರಾತ್ರಿಯಲ್ಲಿ ಕಾರು ಮುಚ್ಚುವಷ್ಟು ಹಿಮ ಸುರಿಯುತ್ತದೆ. ಮನೆಯೊಳಗೆ ಕೂತು ಗೋಡೆ ನೋಡುವುದಕ್ಕಿಂತ ಸ್ವೆಟರ್ ಹಾಕಿಕೊಂಡು ಸಾವಿರಾರು ಜನರ ನಡುವೆ ಕೂತು ಬೈಯುವುದು ಆರೋಗ್ಯಕ್ಕೆ ಒಳ್ಳೆಯದು.

ಆಟ ಚೆನ್ನಾಗಿಯೇ ಇರುತ್ತದೆ. ಚೆಂಡಿಲ್ಲ, ರಬ್ಬರಿನ ಬಿಲ್ಲೆ. ಇಬ್ಬರು ಆಟಗಾರರು ಕೈಗವಸು ಕಿತ್ತೆಸೆದು ಗುದ್ದಾಡಲು ನಿಂತರೆ ಅಂಪೈರು ತಡೆಯುವುದಿಲ್ಲ, ಪಕ್ಕದಲ್ಲೇ ನಿಂತು ನೋಡುತ್ತಾನೆ. ಒಬ್ಬ ಬಿದ್ದ ಮೇಲೆ ಬಿಡಿಸಿ, ಇಬ್ಬರನ್ನೂ ಐದು ನಿಮಿಷ ಗಾಜಿನ ಗೂಡಿನಲ್ಲಿ ಕೂರಿಸುತ್ತಾರೆ. ಅದೇ ಶಿಕ್ಷೆ. ದಾಯವಾದಿಗಳ ಗಡಿ ತಕರಾರಿಗೂ ಇಂಥ ಗೂಡೊಂದು ಇದ್ದಿದ್ದರೆ ನಮ್ಮೂರಿನ ಎಷ್ಟು ಕೇಸು ಸಾಗರದ ಕೋರ್ಟಿಗೆ ಹೋಗುವುದು ತಪ್ಪುತ್ತಿತ್ತೋ.

ತಕರಾರಿರುವುದು ಆಟದ ಮೇಲಲ್ಲ, ನಡೆಸುವವರ ಮೇಲೆ. ಎನ್‌ಎಚ್‌ಎಲ್ ಎಂಬ ಈ ಲೀಗಿನಲ್ಲಿ 32 ತಂಡ, ಅದರಲ್ಲಿ 16 ಪ್ಲೇಆಫ್‌ಗೆ, ಅಂದರೆ ಕಪ್ಪಿಗಾಗಿ ಆಡುವ ಕೊನೆಯ ಹಂತಕ್ಕೆ, ಹೋಗುತ್ತವೆ. ಅಂದರೆ ಅರ್ಧಕ್ಕರ್ಧ. ಸೇಬರ್ಸ್ ಕೊನೆಯ ಸಲ ಅಲ್ಲಿಗೆ ಹೋದದ್ದು 2011ರಲ್ಲಿ. ಮೊನ್ನೆ ಗುರುವಾರಕ್ಕೆ ಸೀಸನ್ ಮುಗಿಯಿತು, 79 ಪಾಯಿಂಟು, ಸತತ 14ನೆಯ ವರ್ಷ ಹೊರಗೆ. ಎನ್‌ಎಚ್‌ಎಲ್ ಇತಿಹಾಸದಲ್ಲೇ ಇಷ್ಟು ಉದ್ದದ ಬರಗಾಲ ಇನ್ನಾವ ತಂಡಕ್ಕೂ ಬಂದಿಲ್ಲ. ಭಾವ ನನ್ನನ್ನು ಆಡಿಕೊಳ್ಳುತ್ತಾನೆಂದು ಗೊತ್ತು. ಅವನ ಆರ್‌ಸಿಬಿಗೂ ಇನ್ನೂ ಕಪ್ಪಿಲ್ಲ. ಆದರೂ ಅದು ಮೂರು ಸಲ ಫೈನಲ್ ಆಡಿ ಸೋತಿದೆ, ಅಳುವುದಕ್ಕೂ ಒಂದು ಅಂತಸ್ತಿದೆ. ನಮ್ಮದು ಬಾಗಿಲ ತನಕವೂ ಹೋಗುವುದಿಲ್ಲ.

2011ರಲ್ಲಿ ಟೆರಿ ಪೆಗುಲಾ ಎಂಬ ನೈಸರ್ಗಿಕ ಅನಿಲದ ಸಾಹುಕಾರ ತಂಡವನ್ನು ಕೊಂಡ. ಇನ್ನು ಮುಂದೆ ಈ ತಂಡ ಇರುವುದೇ ಲೀಗಿನ ಸ್ಟ್ಯಾನ್ಲಿ ಕಪ್ ಗೆಲ್ಲಲಿಕ್ಕೆ ಎಂದು ಘೋಷಿಸಿದ. ಎರಡು ವರ್ಷ ಕಳೆಯುವ ಹೊತ್ತಿಗೆ ‘ರೀಬಿಲ್ಡ್’ ಶುರು, ಅಂದರೆ ತಂಡವನ್ನು ಬುಡದಿಂದ ಮತ್ತೆ ಕಟ್ಟುವುದು. ಇಲ್ಲಿ ಕೆಳಗಿನ ಸ್ಥಾನದ ತಂಡಕ್ಕೆ ಮುಂದಿನ ವರ್ಷದ ಹೊಸ ಹುಡುಗರಲ್ಲಿ ಮೊದಲು ಆರಿಸುವ ಅವಕಾಶ ಹೆಚ್ಚು. 2015ರಲ್ಲಿ ಕಾನರ್ ಮೆಕ್‌ಡೇವಿಡ್ ಎಂಬ ಅಪರೂಪದ ಹುಡುಗ ಬರುವವನಿದ್ದ, ಅವನಿಗಾಗಿ ಬೇಕೆಂದೇ ಬಲವಿಲ್ಲದ ತಂಡ ಕಟ್ಟಿದರು. ನಮ್ಮ ಆಫೀಸಿನ ಹಿರಿಯನೊಬ್ಬ ಆ ಮಾರ್ಚಿನ ಪಂದ್ಯಕ್ಕೆ ಹೋಗಿದ್ದನಂತೆ. ಅರಿಜೋನಾ ತಂಡ ಓವರ್‌ಟೈಮಿನಲ್ಲಿ ಗೋಲು ಹೊಡೆದು ಸೇಬರ್ಸನ್ನು ಸೋಲಿಸಿದಾಗ ಬಫಲೋದ ಜನವೇ ಎದ್ದು ಕೂಗಿ ಸಂಭ್ರಮಿಸಿದರಂತೆ. ಅದನ್ನು ಹೇಳುವಾಗ ಈಗಲೂ ಅವನು ನನ್ನ ಮುಖ ನೋಡುವುದಿಲ್ಲ. ಇಷ್ಟೆಲ್ಲ ಮಾಡಿ ಕೊನೆಯ ಸ್ಥಾನ ಗಿಟ್ಟಿಸಿದರೂ, ಮೊದಲ ಆಯ್ಕೆ ಯಾರಿಗೆಂದು ಲಾಟರಿ ಎತ್ತಿದಾಗ ಮೆಕ್‌ಡೇವಿಡ್ ಹೋದದ್ದು ಎಡ್ಮಂಟನ್‌ಗೆ.

ನಮಗೆ ಎರಡನೆಯವನಾಗಿ ಸಿಕ್ಕವನು ಜ್ಯಾಕ್ ಐಕಲ್. ಅವನೂ ಕಡಿಮೆಯವನಲ್ಲ. ಅದರ ಹಿಂದಿನ ವರ್ಷ ಸ್ಯಾಮ್ ರೈನ್‌ಹಾರ್ಟ್ ಬಂದಿದ್ದ, ರಯಾನ್ ಓ’ರೈಲಿಯನ್ನು ಬೇರೆ ತಂಡದಿಂದ ತಂದಿದ್ದರು. ಈ ಮೂವರು ಏನಾದರು ಕೇಳಿ. ಓ’ರೈಲಿಯನ್ನು 2018ರಲ್ಲಿ ಸೇಂಟ್ ಲೂಯಿಸ್‌ಗೆ ಕೊಟ್ಟರು, ಮರುವರ್ಷವೇ ಅಲ್ಲಿ ಕಪ್ ಗೆದ್ದ, ಪ್ಲೇಆಫ್‌ನ ಅತ್ಯುತ್ತಮ ಆಟಗಾರನೂ ಆದ. ಐಕಲ್ ಲಾಸ್ ವೇಗಸ್‌ಗೆ ಹೋದ, 2023ರಲ್ಲಿ ಕಪ್. ರೈನ್‌ಹಾರ್ಟ್ ಫ್ಲೋರಿಡಾಕ್ಕೆ ಹೋದ, 2024ರ ಫೈನಲ್‌ನ ಏಳನೆಯ ಪಂದ್ಯದಲ್ಲಿ ಗೆಲುವಿನ ಗೋಲು ಹೊಡೆದವನೇ ಅವನು. (ಓ’ರೈಲಿಗೆ ಬದಲಾಗಿ ಬಂದವರಲ್ಲಿ ಟೇಜ್ ಥಾಂಪ್ಸನ್ ಒಬ್ಬ, ಈ ವರ್ಷ 44 ಗೋಲು ಹೊಡೆದಿದ್ದಾನೆ. ನ್ಯಾಯವಾಗಿ ಅದನ್ನೂ ಹೇಳಬೇಕು.) ನಿಮಗೆ ತೋಟದ ಲೆಕ್ಕದಲ್ಲಿ ಹೇಳುವುದಾದರೆ, ಸಸಿ ನೆಟ್ಟು, ಸೊಪ್ಪು ಗೊಬ್ಬರ ಹಾಕಿ, ಮರ ಹಿಂಗಾರ ಬಿಡುವ ಹೊತ್ತಿಗೆ ಬುಡಸಮೇತ ಕಿತ್ತು ಪಕ್ಕದವರ ತೋಟಕ್ಕೆ ಕೊಟ್ಟು, ‘ಈಗ ಹೊಸ ಸಸಿ ತರೋಣ’ ಅನ್ನುವ ಯಜಮಾನಿಕೆ ಇದು.

2013ರಲ್ಲಿ ಲಿಂಡಿ ರಫ್ ಎಂಬ ಕೋಚನ್ನು ತೆಗೆದರು. ಆಮೇಲೆ ಒಬ್ಬರಾದ ಮೇಲೊಬ್ಬರು ಬಂದು ಹೋದರು, ಕಡೆಗೆ ಕಳೆದ ವರ್ಷ ಅದೇ ಲಿಂಡಿ ರಫ್‌ನನ್ನೇ ವಾಪಸು ಕರೆತಂದರು. ಆಟಗಾರರನ್ನು ತರುವ, ಕೊಡುವ ಈಗಿನ ಮ್ಯಾನೇಜರ್ ಕೆವಿನ್ ಆಡಮ್ಸ್, ಹಿಂದೆ ಆಟಗಾರ. ಆ ಕುರ್ಚಿಯ ಅನುಭವವಿಲ್ಲದೆ 2020ರಲ್ಲಿ ಕೂತ. ಒಂದು ವರ್ಷ, 2023ರಲ್ಲಿ, ಒಂದೇ ಒಂದು ಪಾಯಿಂಟಿನಿಂದ ಪ್ಲೇಆಫ್ ತಪ್ಪಿತು. ಆಗ ಅನುಭವಿಗಳನ್ನು ತಂದು ತಂಡವನ್ನು ಗಟ್ಟಿ ಮಾಡುತ್ತಾರೆಂದು ಊರೆಲ್ಲ ಕಾದಿತ್ತು. ಹುಡುಗರು ತಾವಾಗಿಯೇ ಬೆಳೆಯುತ್ತಾರೆಂದು ಸುಮ್ಮನೆ ಕೂತರು. ಸೋಲಿಗಿಂತ ನನಗೆ ಸಿಟ್ಟು ಬರುವುದು ಇದಕ್ಕೆ.

ಕಳೆದ ನವೆಂಬರ್ ಕೊನೆಯಿಂದ ಡಿಸೆಂಬರಿನ ತನಕ ಸಾಲಾಗಿ 13 ಪಂದ್ಯ ಸೋತರು. ಆ ಸೋಲಿನ ನಡುವೆ ಆಡಮ್ಸ್ ಪತ್ರಿಕೆಯವರ ಮುಂದೆ ಕೂತು, ದೊಡ್ಡ ಆಟಗಾರರು ಬಫಲೋಗೆ ಯಾಕೆ ಬರುವುದಿಲ್ಲ ಎಂಬುದಕ್ಕೆ ಕಾರಣ ಹೇಳಿದ: ನಮ್ಮಲ್ಲಿ ಪಾಮ್ ಮರಗಳಿಲ್ಲ, ನ್ಯೂಯಾರ್ಕ್ ರಾಜ್ಯದ ತೆರಿಗೆ ಬೇರೆ ಇದೆ. ಊರು ಕೆರಳಿತು ಅಪ್ಪಯ್ಯ! ಈ ಜನ ಹಿಮದಲ್ಲಿ ಅಂಗಿ ಬಿಚ್ಚಿ ಪಂದ್ಯ ನೋಡುವವರು, ಅಮೆರಿಕನ್ ಫುಟ್‌ಬಾಲ್ ದಿನ ಖುಷಿ ಹೆಚ್ಚಾದರೆ ಮಡಚುವ ಮೇಜಿನ ಮೇಲೆ ಹಾರಿ ಅದನ್ನು ಮುರಿಯುವವರು. ಅವರ ಊರನ್ನೇ ದೂರುವುದೇ? ಗಾಳಿ ತುಂಬಿದ ಪ್ಲಾಸ್ಟಿಕ್ ಪಾಮ್ ಮರಗಳನ್ನು ಹೊತ್ತುಕೊಂಡು ಪಂದ್ಯಕ್ಕೆ ಬಂದರು.

ನಾನೂ ಸುಮ್ಮನಿರಲಿಲ್ಲ. ಅಡಿಕೆಯೂ ಪಾಮ್ ಜಾತಿಯದ್ದೇ ತಾನೆ? ಕೆಳಗಿನ ತೋಟದಲ್ಲಿ ನೀವು ಹಾಳೆಟೊಪ್ಪಿ ಹಾಕಿಕೊಂಡು ನಿಂತ ಫೋಟೋ ಇದೆಯಲ್ಲ, ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕೆಳಗೆ ‘ನಮ್ಮ ಮನೆಯಲ್ಲಿ ಇವೆ, ಆಟಗಾರರನ್ನು ಕಳಿಸಿ’ ಎಂದು ಇಂಗ್ಲಿಷಿನಲ್ಲಿ ಬರೆದು ಹಿಡಿದುಕೊಂಡು ಹೋದೆ. ಅಕ್ಕಪಕ್ಕದವರೆಲ್ಲ ಅದರ ಜೊತೆ ಸೆಲ್ಫಿ ತೆಗೆದುಕೊಂಡರು. ‘ಈ ಹಿರಿಯರು ಯಾರು, ಇವರೇ ಮ್ಯಾನೇಜರ್ ಆಗಲಿ’ ಎಂದು ಹಿಂದಿನ ಸಾಲಿನವನು ಕೂಗಿದ. ಬಫಲೋದಲ್ಲಿ ನಿಮಗೆ ಹೆಸರಿದೆ. ಅಮ್ಮನಿಗೆ ಇದನ್ನು ಎರಡು ಸಲ ಓದಿ ಹೇಳಲಿ.

ನಿನ್ನೆ ಅದೇ ಆಡಮ್ಸ್ ಮತ್ತೆ ಕೂತು ಮಾತಾಡಿದ. ಅವನನ್ನೇ ಮುಂದುವರಿಸುತ್ತಾರಂತೆ. ಮತ್ತದೇ ರಾಗ, ಮುಂದಿನ ವರ್ಷ.

ಈಗ ಕತ್ತಿಗೆ ಬಂದೆ. ಐಕಲ್ ಯಾಕೆ ಹೋದನೆಂದು ಮೇಲೆ ಹೇಳಲಿಲ್ಲ, ಬೇಕೆಂದೇ ಉಳಿಸಿಕೊಂಡೆ. 2021ರ ಮಾರ್ಚಿನಲ್ಲಿ ಆಡುವಾಗ ಅವನ ಕತ್ತಿನ ಮೂಳೆಗಳ ನಡುವಿನ ಡಿಸ್ಕ್ ಹೊರಗೆ ಜಾರಿತು. ತಂಡದ ಡಾಕ್ಟರುಗಳು, ಡಿಸ್ಕ್ ತೆಗೆದು ಎರಡು ಮೂಳೆಗಳನ್ನು ಬೆಸೆಯೋಣ ಎಂದರು. ಅವನು ಬೇರೆ ಡಾಕ್ಟರಿಗೆ ತೋರಿಸಿ, ಕೃತಕ ಡಿಸ್ಕ್ ಕೂರಿಸಿಕೊಳ್ಳುತ್ತೇನೆ ಎಂದ. ಎನ್‌ಎಚ್‌ಎಲ್ ಆಟಗಾರನಿಗೆ ಅಂಥದ್ದು ಆಗಿರಲೇ ಇಲ್ಲ. ಲೀಗಿನ ಕರಾರಿನ ಪ್ರಕಾರ ಕೊನೆಯ ಮಾತು ತಂಡದ್ದು, ಅವರು ಒಪ್ಪಲಿಲ್ಲ. ಹೀಗೆ ಎಳೆದಾಟದಲ್ಲಿ ಬೇಸಿಗೆ ಕಳೆಯಿತು, ನಾಯಕನ ಪಟ್ಟ ಕಿತ್ತುಕೊಂಡರು, ನವೆಂಬರಿನಲ್ಲಿ ವೇಗಸ್‌ಗೆ ಕೊಟ್ಟರು. ಅಲ್ಲಿಗೆ ಹೋದ ಕೆಲವೇ ದಿನಕ್ಕೆ ತನಗೆ ಬೇಕಾದ ಆಪರೇಷನ್ನೇ ಮಾಡಿಸಿಕೊಂಡ, ಫೆಬ್ರವರಿಗೆ ಐಸ್ ಮೇಲೆ ಆಡಲು ಇಳಿದ. ಮುಂದಿನ ಕಥೆ ಹೇಳಿದೆನಲ್ಲ. ಎಂಟು ತಿಂಗಳು ಒಬ್ಬ ಮನುಷ್ಯನ ಕತ್ತು ಹತ್ತು ಜನರ ಮೀಟಿಂಗಿನ ವಿಷಯವಾಗಿತ್ತು.

ನಮ್ಮ ಜಗಲಿಯಲ್ಲಿ ಈಗ ನಡೆಯುತ್ತಿರುವುದೂ ಅದೇ ಮೀಟಿಂಗು ಎಂದು ಪುಟ್ಟಿ ಹೇಳಿದಳು. ಚಿಕ್ಕಪ್ಪ ಎಣ್ಣೆ ತಂದುಕೊಟ್ಟಿದ್ದಾನೆ. ಮೇಲಿನಮನೆಯವರು ಯಾರೋ ಕತ್ತು ತಿರುಗಿಸಿ ‘ಲಟ್’ ಅನ್ನಿಸುವವನ ವಿಳಾಸ ಕೊಟ್ಟಿದ್ದಾರೆ. ದಯವಿಟ್ಟು ಅವನ ಹತ್ತಿರ ಮಾತ್ರ ಹೋಗಬೇಡಿ, ಕೈಗೆ ಜೋಮು ಇರುವಾಗ ಯಾರೂ ನಿಮ್ಮ ಕತ್ತು ತಿರುಗಿಸಕೂಡದು. ಶಿವಮೊಗ್ಗದ ಡಾಕ್ಟರು ಎಂಆರ್‌ಐ ನೋಡಿ ನರ ಒತ್ತಿದೆ, ಆಪರೇಷನ್ ಬೇಕಾಗಬಹುದು ಎಂದಿದ್ದಾರೆ. ನೀವು ‘ಮಳೆಗಾಲ ಮುಗಿಯಲಿ’ ಎಂದಿದ್ದೀರಿ. ಮಳೆಗಾಲ ಮುಗಿದರೆ ಅಡಿಕೆಯ ಕೊನೆಕೊಯ್ಲು, ಅದು ಮುಗಿದರೆ ಸುಲಿಯುವುದು, ಬೇಯಿಸುವುದು. ಈ ಊರಿನಲ್ಲಿ ಪ್ರತಿ ಏಪ್ರಿಲ್‌ನಲ್ಲೂ ‘ಮುಂದಿನ ವರ್ಷ’ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ, ನಿಮ್ಮ ಬಾಯಲ್ಲೂ ಅದನ್ನೇ ಕೇಳಬೇಕೇ?

ಐಕಲ್‌ಗೆ ಆದದ್ದೇ ನಿಮಗೂ ಆಗಲಿ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಆಗ 25 ವರ್ಷ, ನಿಮಗೆ 68. ಯಾವುದು ಸರಿ ಎಂದು ಹೇಳಬೇಕಾದವರು ನರ, ಬೆನ್ನೆಲುಬು ನೋಡುವ ಡಾಕ್ಟರು. ಮಣಿಪಾಲದಲ್ಲಿ ಇನ್ನೊಬ್ಬರಿಗೆ ತೋರಿಸಿ. ಆಪರೇಷನ್ ಮಾಡದಿದ್ದರೆ ಏನಾಗುತ್ತದೆ, ಮಾಡಿದರೆ ಯಾವುದು, ಎಷ್ಟು ದಿನ ಭಾರ ಎತ್ತಬಾರದು, ಇಷ್ಟು ಕೇಳಿ. ನೀವು ಕೇಳುವುದಿಲ್ಲ, ನನಗೆ ಗೊತ್ತು, ಪುಟ್ಟಿ ಕೇಳುತ್ತಾಳೆ. ಇಬ್ಬರೂ ಡಾಕ್ಟರುಗಳು ಒಂದೇ ಮಾತು ಹೇಳಿದರೆ ಮತ್ತೆ ಜಗಲಿಯ ಒಪ್ಪಿಗೆ ಬೇಡ.

ಖರ್ಚಿನ ಚಿಂತೆ ಬೇಡವೇ ಬೇಡ. ದುಡ್ಡು ಇದೆ. ಟಿಕೆಟ್ಟಿಗೆ ಖರ್ಚು ಮಾಡಿಯೂ ಇದೆ. ಕೆಲಸ ಭದ್ರವಾಗಿದೆ, ವೀಸಾದ ಸುದ್ದಿಯನ್ನು ಟಿವಿಯಲ್ಲಿ ನೋಡಿ ಹೆದರಬೇಡಿ, ನನಗೇನೂ ತೊಂದರೆ ಇಲ್ಲ, ಖಂಡಿತ ಇಲ್ಲ. ತಾರೀಖು ನಿಗದಿಯಾದರೆ ನಾನು ಬರುತ್ತೇನೆ, ರಜೆ ಸಿಗುತ್ತದೆ, ಸಿಗದಿದ್ದರೂ ಬರುತ್ತೇನೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಸುವುದಕ್ಕೆ ಆಳು ಭಾವ ನೋಡಿಕೊಳ್ಳುತ್ತೇನೆ ಎಂದಿದ್ದಾನೆ. ನೀವು ಕತ್ತೆತ್ತಿ ಕೊನೆ ಎಣಿಸುವುದನ್ನು ಮಾತ್ರ ನಿಲ್ಲಿಸಿ. ನಾನು ಊಟ ಸರಿಯಾಗಿ ಮಾಡುತ್ತಿದ್ದೇನೆ, ಅಮ್ಮ ಕಳಿಸಿದ ಅಪ್ಪೆಮಿಡಿ ಇನ್ನೂ ಅರ್ಧ ಭರಣಿ ಇದೆ, ಹಿಮವೂ ಕರಗಿದೆ. ಎಲ್ಲ ಚೆನ್ನಾಗಿದೆ.

ಕೆಳಗೆ ವಾಷಿಂಗ್ ಮಷಿನ್ ನಿಂತಿರಬೇಕು, ಹೊತ್ತಾದರೆ ಇಲ್ಲಿಯವರು ನನ್ನ ಒದ್ದೆ ಬಟ್ಟೆಯನ್ನು ಎತ್ತಿ ಮೇಜಿನ ಮೇಲೆ ರಾಶಿ ಹಾಕಿಬಿಡುತ್ತಾರೆ. ಅಮ್ಮನಿಗೆ, ಅಜ್ಜಿಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ. ಉಳಿದದ್ದು ಮುಂದಿನ ಕಾಗದದಲ್ಲಿ.

ಇತಿ ನಿಮ್ಮ ಮಗ,
ಮಾಣಿ

ಪುಟ್ಟೀ, ಮಣಿಪಾಲಕ್ಕೆ ಹೋಗುವಾಗ ಎಂಆರ್‌ಐ ಸಿಡಿ ತೆಗೆದುಕೊಂಡು ಹೋಗು, ಬರೀ ರಿಪೋರ್ಟು ಸಾಲದು. ಹೊರಟ ಕೂಡಲೇ ಮೆಸೇಜ್ ಹಾಕು, ಇಲ್ಲಿ ನಡುರಾತ್ರಿಯಾದರೂ ಪರವಾಗಿಲ್ಲ.