ಮೊಬೈಲ್ ಆಟ ಆಡುವಾಗ ಮಕ್ಕಳು ಜೋರಾಗಿ ಮಾತಾಡುವ ಬಗ್ಗೆ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಕಳೆದ ಸಭೆಯಲ್ಲಿ ಹಲವರು ಒಂದೇ ದೂರು ಹೇಳಿದಿರಿ. "ಮೇಡಂ, ಮೊಬೈಲ್ ಹಿಡಿದ್ರೆ ಒಬ್ಬನೇ ಕೂತು ಬಡಬಡಿಸ್ತಾನೆ. ಯಾರ ಹತ್ರ ಮಾತಾಡ್ತಾನೋ ಗೊತ್ತಾಗಲ್ಲ." ಮೊದಲು ಅದನ್ನೇ ತಿಳಿದುಕೊಳ್ಳಿ. ಬೈಯುವುದು ಆಮೇಲೆ ಇದ್ದೇ ಇದೆ.

ತನ್ನಷ್ಟಕ್ಕೆ ತಾನು ಮಾತಾಡುತ್ತಿದ್ದರೆ ಸುಮ್ನೆ ಬಿಟ್ಟುಬಿಡಿ. "ಇಲ್ಲಿ ಹಾರ್ಬೇಕು, ಅಯ್ಯೋ ಬಿದ್ದೆ, ಇನ್ನೊಂದ್ಸಲ" ಎಂದು ಗೊಣಗುವ ಮಗು ಯೋಚನೆ ಮಾಡುತ್ತಿರುತ್ತದೆ. ಕೆಲಸ ಕಷ್ಟವಾದಾಗ ಮಕ್ಕಳಲ್ಲಿ ಇಂಥ ಮಾತು ಜಾಸ್ತಿಯಾಗುತ್ತದೆ, ಬೆಳೆಯುತ್ತಾ ಅದು ಮನಸ್ಸಿನೊಳಗೆ ಇಳಿಯುತ್ತದೆ ಎಂದು ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ 1930ರ ದಶಕದಲ್ಲೇ ಬರೆದಿದ್ದರು. ನಮ್ಮ ಮೂರನೇ ಕ್ಲಾಸಿನವರು ಲೆಕ್ಕ ಮಾಡುವಾಗಲೂ ತುಟಿ ಆಡಿಸುತ್ತಲೇ ಇರುತ್ತಾರೆ. ದೊಡ್ಡವರೇನು ಕಮ್ಮಿಯಾ? ಕ್ರಿಕೆಟ್ ನೋಡುತ್ತಾ ಟೀವಿಗೆ ಬೈಯದ ಮನೆ ಮಂಡ್ಯದಲ್ಲಿ ಯಾವುದಿದೆ ಹೇಳಿ!

ಹೈಸ್ಕೂಲ್ ಮಕ್ಕಳದ್ದು ಬೇರೆ ಕಥೆ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ), ಫ್ರೀ ಫೈರ್ ಮ್ಯಾಕ್ಸ್‌ನಂಥ ಗುಂಡು ಹಾರಿಸುವ ಆನ್‌ಲೈನ್ ಆಟಗಳಲ್ಲಿ ನಾಲ್ಕು ಜನರ ಸ್ಕ್ವಾಡ್ ಅಂದರೆ ತಂಡ ಕಟ್ಟಿ, ಮೈಕ್‌ನಲ್ಲಿ ಮಾತಾಡುತ್ತಾ ಆಡುತ್ತಾರೆ. "ಎನಿಮಿ ಬಂದ, ರಿವೈವ್ ಕೊಡೋ" (ಶತ್ರು ಬಂದ, ಬಿದ್ದಿದ್ದೀನಿ, ಎಬ್ಬಿಸೋ) ಎಂದು ಕೂಗುವುದು ಆಟದ ಭಾಗವೇ. ತಂಡದಲ್ಲಿರುವವರು ಕ್ಲಾಸಿನ ಗೆಳೆಯರಾದರೆ ನನಗೆ ಚಿಂತೆಯಿಲ್ಲ. ಆದರೆ ಗೆಳೆಯರು ಸಾಲದಿದ್ದರೆ ಆಟವೇ ಎಲ್ಲಿಂದಲೋ ಅಪರಿಚಿತರನ್ನು ತಂದು ಸೇರಿಸುತ್ತದೆ. ಅವರ ವಯಸ್ಸು ಗೊತ್ತಿಲ್ಲ, ಊರು ಗೊತ್ತಿಲ್ಲ. ಕ್ಲಾಸಿನಲ್ಲಿ ಈಚೆಗೆ ಕೇಳಿಬರುವ ಹಿಂದಿ ಬೈಗುಳಗಳು ಅಲ್ಲಿಂದಲೇ ಬಂದವು ಎಂದು ಹುಡುಗರೇ ಒಪ್ಪಿಕೊಂಡಿದ್ದಾರೆ. ಇನ್ನೊಂದು ವಿಷಯ ಯಾರೂ ಯೋಚಿಸಿರುವುದಿಲ್ಲ. ಮೈಕ್ ಆನ್ ಇದ್ದರೆ ನಿಮ್ಮ ಮನೆಯ ಜಗಳವೂ, ಪಕ್ಕದಲ್ಲಿ ನೀವು ಫೋನಿನಲ್ಲಿ ಹೇಳುವ ನಂಬರ್, ವಿಳಾಸವೂ ಅವರಿಗೆ ಕೇಳಿಸಬಹುದು.

ಹಾಗಂತ ಫೋನ್ ಕಿತ್ತುಕೊಂಡರೆ ಮಗು ಪಕ್ಕದ ಮನೆಯಲ್ಲಿ ಕೂತು ಆಡುತ್ತದೆ, ಅಲ್ವಾ? ಅದರ ಬದಲು ನಡುಮನೆಯಲ್ಲೇ ಆಡಲಿ. ಇಯರ್‌ಫೋನ್ ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ಜೋರು ಎಂದು ತಿಳಿಯುವುದಿಲ್ಲ. ಒಂದು ಕಿವಿಯದ್ದು ತೆಗೆಸಿ, ಕಿರುಚಾಟ ತಾನೇ ಇಳಿಯುತ್ತದೆ. ಗೊತ್ತಿಲ್ಲದವರು ತಂಡದಲ್ಲಿದ್ದರೆ ಮೈಕ್ ಆಫ್ ಇರಲಿ. ಯಾರಾದರೂ ಫೋಟೊ, ಹಣ ಕೇಳಿದರೆ ಅಥವಾ ಹೆದರಿಸಿದರೆ ಮಗುವಿಗೆ ಹೊಡೆಯಬೇಡಿ, ಹೊಡೆದರೆ ಮುಂದೆ ಏನನ್ನೂ ಹೇಳುವುದಿಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ಸಹಾಯವಾಣಿ 1930ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಕರೆ ಮಾಡಿ.

ಮೈಕ್ ಆಫ್ ಮಾಡುವುದು ಎಲ್ಲಿ ಎಂದು ಗೊತ್ತಿಲ್ಲದವರು ಈ ಶನಿವಾರ ಶಾಲೆ ಬಿಟ್ಟ ಮೇಲೆ ಕಂಪ್ಯೂಟರ್ ಕೊಠಡಿಗೆ ಬನ್ನಿ. ಮಗು ಆಡುವ ಫೋನನ್ನೇ ಚಾರ್ಜ್ ಮಾಡಿ ತನ್ನಿ. ಡೇರಿಗೆ ಹಾಲು ಹಾಕುವ ಹೊತ್ತಿಗೆ ಮನೆ ಸೇರಿರುತ್ತೀರಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ಮಂಡ್ಯ