ಎಲ್ಲರೂ ವಾಗ್ಮಿಗಳಲ್ಲ ಸ್ವಾಮಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಸೋಮವಾರದ ನಿಮ್ಮ ಜಿಲ್ಲಾ ಪುಟದಲ್ಲಿ ನಮ್ಮ ಪಕ್ಕದೂರಿನ ಸಮುದಾಯ ಭವನದ ಉದ್ಘಾಟನೆಯ ಸುದ್ದಿ ಬಂದಿದೆ. ಅದರಲ್ಲಿ ಮೂವರು ಭಾಷಣಕಾರರು. ಒಬ್ಬರು ‘ಖ್ಯಾತ ವಾಗ್ಮಿ’, ಇನ್ನೊಬ್ಬರು ‘ವಾಗ್ಮಿ ಹಾಗೂ ಸಮಾಜ ಸೇವಕ’, ಮೂರನೆಯವರು ‘ಯುವ ವಾಗ್ಮಿ’. ಅವತ್ತು ಮೈಕ್‌ಸೆಟ್ ನನ್ನದು. ಬೆಳಿಗ್ಗೆ 8ಕ್ಕೆ ಹಾರ್ನ್ ಕಟ್ಟಿದವನು ಮಧ್ಯಾಹ್ನ ಎರಡೂವರೆಗೆ ವೈರ್ ಸುತ್ತುವವರೆಗೂ ಅಲ್ಲೇ ಇದ್ದೆ. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕುತ್ತಿದ್ದೇನೆ.

ಸಾಗರದ ಸುತ್ತಮುತ್ತ 31 ವರ್ಷದಿಂದ ನನಗೆ ಇದೇ ಕಸುಬು. ಮದುವೆ, ಗಣಪತಿ, ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಚುನಾವಣೆ, ಮಳೆಗಾಲದ ತಾಳಮದ್ದಲೆ. ಭಾಷಣ ಬೇಜಾರಾದರೆ ಜನ ಎದ್ದು ಹೋಗುತ್ತಾರೆ. ಆಂಪ್ಲಿಫೈಯರ್ ಬಿಟ್ಟು ನಾನು ಏಳುವ ಹಾಗಿಲ್ಲ. ನನ್ನಷ್ಟು ಭಾಷಣವನ್ನು ಪೂರ್ತಿ ಕೇಳಿದವರು ತಾಲ್ಲೂಕಿನಲ್ಲಿ ಇನ್ನೊಬ್ಬರು ಇರಲಾರರು. ಮಾಡಿದವರಂತೂ ಕೇಳಿಯೇ ಇಲ್ಲ, ತಮ್ಮದು ಮುಗಿದ ಕೂಡಲೇ ಕಾರು ಹತ್ತುತ್ತಾರೆ.

ನಮ್ಮ ಹುಡುಗರ ಬಾಯಲ್ಲಿ ಇವರಿಗೆಲ್ಲ ಬೇರೆಬೇರೆ ಹೆಸರಿದೆ. ಹೇಳಿದ್ದನ್ನೇ ಹೇಳುವವನು ‘ಕೊರೆತ’. ಇಲ್ಲದ್ದನ್ನು ಇದೆ ಅನ್ನುವವನು ‘ಬುರುಡೆ’. ವೇದಿಕೆಯ ಮೇಲಿದ್ದವರನ್ನು ಒಬ್ಬೊಬ್ಬರಾಗಿ ಹೊಗಳುತ್ತ ಅರ್ಧ ಗಂಟೆ ಕಳೆಯುವವನು ‘ಬೆಣ್ಣೆ’. ಅವನಿಗೆ ಸ್ವಾಗತ ಭಾಷಣ ಕೊಟ್ಟಿದ್ದರೆ ಹುಡುಗನನ್ನು ಕೂರಿಸಿ ನಾನು ಚಹಾ ಕುಡಿದು ಬರುತ್ತೇನೆ, ಇದೊಂದೇ ನನಗಿರುವ ರಿಯಾಯಿತಿ. ಮಾತಿನ ಮೋಡಿ ಹಾಕುವವನ ಮುಂದೆ ಜನ ಕೆಮ್ಮುವುದನ್ನೂ ಮರೆತು ಕೂರುತ್ತಾರೆ. ಮನೆಗೆ ಹೋದಮೇಲೆ ‘ಏನು ಹೇಳಿದ್ರು?’ ಅಂತ ಕೇಳಿದರೆ ‘ಚೆನ್ನಾಗಿ ಹೇಳಿದ್ರು’ ಅನ್ನುತ್ತಾರೆ. ಮಂಕುಬೂದಿ ಎರಚುವವನು ಹಾಗಲ್ಲ. ಅವನು ಹೇಳಿದ್ದು ಒಂದಕ್ಷರ ಬಿಡದೆ ನೆನಪಿರುತ್ತದೆ, ಕೈಯಲ್ಲಿದ್ದ ದುಡ್ಡು ಮಾತ್ರ ಇರುವುದಿಲ್ಲ.

ಈ ಕೊನೆಯ ಜಾತಿಯವನೊಬ್ಬನಿಗೆ ನಾನೇ ಮೈಕ್ ಕೊಟ್ಟಿದ್ದೇನೆ. ಮೂರು ವರ್ಷದ ಹಿಂದೆ, ಒಂದು ಕಲ್ಯಾಣ ಮಂಟಪದಲ್ಲಿ. ಹಾಕಿದ ದುಡ್ಡು ಎರಡು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಅನ್ನುವ ಯೋಜನೆ. ‘ಅಣ್ಣಾ, ಎಕೋ ಸ್ವಲ್ಪ ಜಾಸ್ತಿ ಕೊಡಿ’ ಅಂದ. ಎಕೋ ಕೇಳುವವರನ್ನು ಕಂಡರೆ ನನಗೆ ಯಾವಾಗಲೂ ಅನುಮಾನವೇ, ಆದರೂ ಗುಬುಟು ತಿರುಗಿಸಿದೆ. ‘ನಿಮ್ಮ ತಾಯಿಯ ಕಣ್ಣೀರು ಒರೆಸಬೇಕೋ ಬೇಡವೋ’ ಅಂತ ಕೇಳಿದಾಗ ಅದು ಮಂಟಪದ ನಾಲ್ಕೂ ಗೋಡೆಗೆ ಬಡಿದು ವಾಪಸ್ ಬಂತು. ನನ್ನ ಭಾವಮೈದುನ ಅಡಿಕೆ ಮಾರಿದ ದುಡ್ಡಿನಲ್ಲಿ 40 ಸಾವಿರ ಕಟ್ಟಿದ. ಮರುದಿನ ಒಂದು ಪತ್ರಿಕೆಯಲ್ಲಿ (ನಿಮ್ಮದಲ್ಲ) ಆ ಮನುಷ್ಯನ ಫೋಟೊ, ಕೆಳಗೆ ‘ಪ್ರಖ್ಯಾತ ವಾಗ್ಮಿ’. ರಸೀದಿಯ ಜೊತೆ ಆ ತುಣುಕನ್ನೂ ಭಾವಮೈದುನ ಇನ್ನೂ ಇಟ್ಟುಕೊಂಡಿದ್ದಾನೆ.

ಮುಖ್ಯ ಅತಿಥಿ ಒಂದೂವರೆ ತಾಸು ತಡ ಮಾಡಿದ ಒಂದು ಸಭೆಯಲ್ಲಿ, ಸಂಸ್ಕೃತ ಪಾಠಶಾಲೆಯಲ್ಲಿ ಕಲಿಸಿದ್ದ ಹಿರಿಯರೊಬ್ಬರು ನನ್ನ ಪಕ್ಕ ಕೂತು ಹೇಳಿದ್ದು ಇದು. ಪಾಣಿನಿ ಬರೆದ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯ 5ನೇ ಅಧ್ಯಾಯದಲ್ಲಿ ಒಂದು ಸೂತ್ರ ‘ವಾಗ್ಮಿ’ ಅನ್ನುವ ಪದ ಆಗುವುದು ಹೇಗೆ ಅನ್ನುತ್ತದೆ. ಅದರ ಬೆನ್ನಿಗೇ ಇರುವ ಸೂತ್ರದಲ್ಲಿ ‘ವಾಚಾಲ’, ‘ವಾಚಾಟ’. ನಮ್ಮ ವಾಚಾಳಿ ಅಲ್ಲಿಯವನೇ. ಇಬ್ಬರಿಗೂ ತಾಯಿ ‘ವಾಕ್’, ಹಚ್ಚಿದ ಬಾಲ ಬೇರೆ. ಬಹಳ ಮಾತಾಡುವವನು ವಾಚಾಲ ಅಂತಷ್ಟೇ ಪಾಣಿನಿ ಹೇಳಿ ಬಿಟ್ಟಿದ್ದ. ಆಮೇಲೆ ಬಂದ ವ್ಯಾಕರಣದವರು, ಅದು ಬಯ್ಯುವಾಗ ಆಡುವ ಮಾತು ಅಂತ ಸೇರಿಸಿದರು. ಎಷ್ಟೇ ಮಾತಾಡಲಿ, ಚೆನ್ನಾಗಿ ಮಾತಾಡಿದರೆ ಅವನು ವಾಗ್ಮಿಯೇ. ಎರಡು ಸಾವಿರ ವರ್ಷಕ್ಕೂ ಹಿಂದೆ ಇಬ್ಬರಿಗೂ ಪಕ್ಕಪಕ್ಕ ಕುರ್ಚಿ ಹಾಕಿ, ಚೀಟಿ ಮಾತ್ರ ಬೇರೆಬೇರೆ ಅಂಟಿಸಿದ್ದಾರೆ. ನೀವು ಒಂದು ಚೀಟಿ ಹರಿದು ಹಾಕಿದ್ದೀರಿ.

ಅವತ್ತಿನಿಂದ ನನಗೆ ಇದೊಂದು ಹುಚ್ಚು ಹತ್ತಿದೆ. ‘ನಿರರ್ಗಳವಾಗಿ ಮಾತನಾಡಿದರು’ ಅಂತ ಬರೆಯುತ್ತೀರಲ್ಲ, ಅರ್ಗಳ ಅಂದರೆ ಬಾಗಿಲಿನ ಅಗುಳಿ. ಅಗುಳಿ ಹಾಕದ ಬಾಗಿಲಲ್ಲಿ ಲಕ್ಷ್ಮಿಯೂ ಬರಬಹುದು, ಬೀದಿ ದನವೂ ನುಗ್ಗಬಹುದು. ‘ಓತಪ್ರೋತ’ ನೇಕಾರರ ಲೆಕ್ಕದ ಮಾತು, ಹಾಸು ಹೊಕ್ಕು. ಎಳೆಗೆ ಎಳೆ ಸಿಕ್ಕಿ ಬಟ್ಟೆಯಾಗಬೇಕು; ನಮ್ಮಲ್ಲಿ ನಲ್ಲಿ ಬಿಟ್ಟ ಹಾಗೆ ಸುರಿದರೆ ಅದಕ್ಕೂ ಓತಪ್ರೋತ ಅನ್ನುತ್ತೇವೆ. ಇನ್ನು ‘ಆಡಂಬರ’ ಸಂಸ್ಕೃತದಲ್ಲಿ ಒಂದು ಬಗೆಯ ಡೋಲಿನ ಹೆಸರಂತೆ. ಇದನ್ನು ಕೇಳಿ ನನಗೆ ಆಶ್ಚರ್ಯ ಆಗಲಿಲ್ಲ. ಶಬ್ದಾಡಂಬರ ಎಷ್ಟು ಡೆಸಿಬಲ್ ಅಂತ ನನಗೆ ಗೊತ್ತಿದೆ.

ತಾಳಮದ್ದಲೆಗೆ ಬರುವ ಅಜ್ಜಂದಿರು ಸುಲಭಕ್ಕೆ ಮರುಳಾಗುವವರಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಬರೀ ಮಾತಿನಿಂದ ಕರ್ಣನೋ ಕೃಷ್ಣನೋ ಆಗಬೇಕು. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ಪ್ರಶ್ನೆ ಹಾಕುತ್ತಿದ್ದರೆ, ಇನ್ನು ರಾಮ ಏನು ಹೇಳಿಯಾನು ಅಂತ ನನಗೂ ಕಳವಳ ಆದದ್ದಿದೆ. ಅದೇ ಅರ್ಥಧಾರಿ (ಪಾತ್ರದ ಮಾತಾಡುವವನು), ಭಾಗವತರು ಹಾಡಿದ ಪದ್ಯ ಬಿಟ್ಟು ಶ್ಲೋಕದ ಮೇಲೆ ಶ್ಲೋಕ ಒಟ್ಟತೊಡಗಿದನೋ, ಮುಂದಿನ ಸಾಲಿನಲ್ಲಿ ಎಲೆಅಡಿಕೆ ಕವಳದ ಸಂಚಿ ಬಿಚ್ಚಿಕೊಳ್ಳುತ್ತದೆ. ‘ಮಾತು ಜೋರಿದ್ದು, ಅರ್ಥ ಇಲ್ಲೆ.’

ಈಗ ಸಮುದಾಯ ಭವನಕ್ಕೆ ಬರುತ್ತೇನೆ. ನಿಮ್ಮ ಖ್ಯಾತ ವಾಗ್ಮಿಗಳು 42 ನಿಮಿಷ ಮಾತಾಡಿದರು, ಅದರಲ್ಲಿ 11 ನಿಮಿಷ ಗಣ್ಯರ ಹೆಸರು. ಎರಡನೆಯವರದು ಬೆಣ್ಣೆ. ಯುವ ವಾಗ್ಮಿಗಳು ಎಕೋ ಕೇಳಿದರು, ಕೆಟ್ಟಿದೆ ಅಂದೆ.

ಇವರ ನಡುವೆ, ವಂದನಾರ್ಪಣೆಗೆ ಮೊದಲು, ಊರಿನ ಒಬ್ಬ ಅಮ್ಮ ತಾವಾಗಿಯೇ ಮೆಟ್ಟಿಲು ಹತ್ತಿ ಮೈಕ್ ಹಿಡಿದರು. ಹಾವು ಹಿಡಿದ ಹಾಗೆ ಒಂದು ಮೊಳ ದೂರ. ನಾನು ವಾಲ್ಯೂಮ್ ಪೂರ್ತಿ ಏರಿಸಬೇಕಾಯಿತು. ‘ನನ್ ಮೊಮ್ಮಗಳು ಶಾಲೆಗೆ ಹೋಗೋ ಬಸ್ಸು ಬರದೇ ಇದ್ ದಿನ ಅಡಿಗೆಮನೆ ಗೋಡೆ ಮೇಲೆ ಮಸಿಯಲ್ಲಿ ಗೀಟು ಹಾಕ್ತೀನಿ. ಜೂನಿಂದ ಇಲ್ಲೀತನಕ 41 ಆಗ್ಯದೆ. ಭವನ ಚೆಂದ ಆಗ್ಯದೆ, ಆದ್ರೆ ಇದರ ಗೋಡೆ ಮೇಲೆ ಗೀಟು ಹಾಕಕ್ಕೆ ನೀವು ಬಿಡಲ್ಲ. ನಮ್ಮನೆ ಗೋಡೆ ನೋಡಕ್ಕೆ ಬನ್ನಿ.’ ಇಷ್ಟೇ. ಒಂದೂವರೆ ನಿಮಿಷ ಆಗಿರಬಹುದು. ಮುಖ್ಯ ಅತಿಥಿಗಳು ಮೊಬೈಲ್ ಜೇಬಿಗೆ ಹಾಕಿದರು. ಸಭೆ ಮುಗಿದಮೇಲೆ ಅವರು ನಿಜವಾಗಿಯೂ ಗೋಡೆ ನೋಡಲು ಹೋದರು, ಹಿಂದೆ ಹತ್ತು ಹದಿನೈದು ಜನ.

ನಿಮ್ಮ ವರದಿಯಲ್ಲಿ ಆ ಅಮ್ಮ ಇಲ್ಲ. ವರದಿಗಾರರು ದೀಪ ಬೆಳಗಿಸಿದ ಫೋಟೊ ತೆಗೆದು, ಸಂಘಟಕರು ಬರೆದುಕೊಟ್ಟ ಹಾಳೆ ಇಸಿದುಕೊಂಡು ಹೊರಟಿದ್ದರು. ಅವರನ್ನು ದೂರುತ್ತಿಲ್ಲ, ಅವತ್ತು ಅವರಿಗೆ ಇನ್ನೂ ಎರಡು ಕಾರ್ಯಕ್ರಮ ಇತ್ತು. ಆ ಅಮ್ಮನನ್ನು ವಾಗ್ಮಿ ಅನ್ನಿ ಅಂತಲೂ ನಾನು ಹೇಳುವುದಿಲ್ಲ, ಆ ಪದ ಕೇಳಿದರೆ ಅವರೇ ನಕ್ಕಾರು. ನಾಟುವ ಹಾಗೆ ಹೇಳಿದರು ಅಂತ ನಮ್ಮ ಕಡೆ ಅನ್ನುತ್ತೇವೆ. ಗದ್ದೆಯಲ್ಲಿ ಸಸಿ ನಾಟುವುದಕ್ಕೂ, ಎದೆಗೆ ಬಾಣ ನಾಟುವುದಕ್ಕೂ ಇರುವ ಪದವೇ ಅದು. ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿದ್ದು ನಾನು ಕಂಡಿಲ್ಲ.

ಬರುವ ಭಾನುವಾರ ನಮ್ಮೂರ ಸಹಕಾರ ಸಂಘದ ಸಭೆ, ಮೈಕ್ ನನ್ನದೇ. ಆಂಪ್ಲಿಫೈಯರ್ ಪಕ್ಕ ಒಂದು ಕುರ್ಚಿ ಜಾಸ್ತಿ ಹಾಕಿರುತ್ತೇನೆ. ನಿಮ್ಮವರನ್ನು ಕಳಿಸಿ. ಚಹಾ ಎರಡು ಸಲ ಬರುತ್ತದೆ.

ಇತಿ,
ಒಬ್ಬ ಮೈಕ್‌ಸೆಟ್ಟಿನವನು
ಸಾಗರ ತಾಲ್ಲೂಕು