ಭಾನುವಾರದ ಫುಟ್‌ಬಾಲ್ ಚರಿತ್ರೆ: ಈ ಸಲ ಜಾಂಬಿಯಾ

ಎಲ್ಲರಿಗೂ ನಮಸ್ಕಾರ. ಈ ವಾರದ ಸರದಿ ಜಾಂಬಿಯಾ ತಂಡದ್ದು. ಇವರ ಆಟ ನೋಡದವರೇ ಇಲ್ಲಿ ಜಾಸ್ತಿ ಅಲ್ವಾ?

1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಇವರು ಇಟಲಿಯನ್ನು 4-0ರಿಂದ ಸೋಲಿಸಿದ್ದರು. ಮೂರು ಗೋಲು ಕಲುಶಾ ಬ್ವಾಲ್ಯ ಅವರದ್ದು. 1993ರ ಏಪ್ರಿಲ್ 27ರಂದು ತಂಡ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಸೆನೆಗಲ್‌ಗೆ ಹೊರಟಿತ್ತು. ಗ್ಯಾಬೊನ್‌ನ ಲಿಬ್ರವಿಲ್‌ನಲ್ಲಿ ಇಂಧನ ತುಂಬಿಸಿಕೊಂಡು ಮೇಲೇರಿದ ವಾಯುಪಡೆ ವಿಮಾನ ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. 30 ಜನ ತೀರಿಕೊಂಡರು, ಅವರಲ್ಲಿ 18 ಆಟಗಾರರು. ಕಲುಶಾ ಹಾಲೆಂಡಿನಿಂದ ಬೇರೆಯಾಗಿ ಬರುವವರಿದ್ದರು, ಬದುಕಿದರು. ಹೊಸ ತಂಡ ಕಟ್ಟಿಕೊಂಡು ಮರುವರ್ಷವೇ ಆಫ್ರಿಕಾ ಕಪ್ ಫೈನಲ್ ಆಡಿದರು. ನೈಜೀರಿಯಾ ಎದುರು 2-1ರಲ್ಲಿ ಸೋತರು, ಇರಲಿ.

2012ರ ಆಫ್ರಿಕಾ ಕಪ್ ಫೈನಲ್‌ಗೂ ಜಾಂಬಿಯಾ ಬಂತು, ಅದು ನಡೆದದ್ದು ಅದೇ ಲಿಬ್ರವಿಲ್‌ನಲ್ಲಿ! ಪಂದ್ಯಕ್ಕೆ ಮುಂಚೆ ಆಟಗಾರರು ಕಡಲತೀರಕ್ಕೆ ಹೋಗಿ ಹೂವಿಟ್ಟು ಬಂದರು. ಎದುರಾಳಿ ಐವರಿ ಕೋಸ್ಟ್‌ನ ಡ್ರೋಗ್ಬಾ ಪೆನಾಲ್ಟಿಯನ್ನು ಬಾರ್ ಮೇಲಿಂದ ಹೊರಗೆ ಒದ್ದರು. 120 ನಿಮಿಷವಾದರೂ 0-0. ಶೂಟೌಟ್‌ನಲ್ಲಿ (ಎರಡೂ ಕಡೆಯವರು ಸರದಿಯಂತೆ ಪೆನಾಲ್ಟಿ ಒದೆಯುವುದು) ಜಾಂಬಿಯಾ 8-7ರಿಂದ ಗೆದ್ದಿತು, ಗೆಲುವಿನ ಗೋಲು ಸ್ಟೊಪಿಲಾ ಸುಂಜು ಅವರದ್ದು. ಗಾಯಗೊಂಡು ಹೊರಹೋಗಿದ್ದ ಮುಸೊಂಡಾ ಅವರನ್ನು ಕೋಚ್ ಹರ್ವೆ ರೆನಾರ್ ಎತ್ತಿಕೊಂಡೇ ಸಂಭ್ರಮದ ನಡುವೆ ಕರೆತಂದರು.

ಶೂಟೌಟ್ ವಿಡಿಯೊ ಸಿಕ್ಕರೆ ತಪ್ಪದೆ ನೋಡಿ. ಮುಂದಿನ ವಾರ 1990ರ ಕ್ಯಾಮರೂನ್. ಬರೆಯುವ ಆಸೆ ಇದ್ದವರು ಶುಕ್ರವಾರದೊಳಗೆ ತಿಳಿಸಿ. ಸುಮ್ನೆ ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ, ದಯವಿಟ್ಟು.